ಹಲ್ಲು ಎಣಿಸಿದರೆ ಸಾಲದು

2022ರ ನವೆಂಬರ್ 20, ಭಾನುವಾರ ಸಂಜೆ. ಸಸ್ಕಾಚೆವಾನ್ ಪ್ರಾಂತ್ಯದ ರೆಜೈನಾದಲ್ಲಿ ಕೆನಡಾದ ಫುಟ್‌ಬಾಲ್ ಲೀಗ್ ಸಿಎಫ್‌ಎಲ್‌ನ ಗ್ರೇ ಕಪ್ ಫೈನಲ್. ಒಂದು ಕಡೆ ನಮ್ಮೂರ ಟೊರೊಂಟೊ ಆರ್ಗೊನಾಟ್ಸ್, ಇನ್ನೊಂದು ಕಡೆ ಸತತ ಮೂರನೇ ಸಲ ಕಪ್ ಎತ್ತಲು ಬಂದಿದ್ದ ವಿನ್ನಿಪೆಗ್ ಬ್ಲೂ ಬಾಂಬರ್ಸ್. ಮಿಸ್ಸಿಸಾಗಾದ ಗೆಳೆಯನ ಮನೆಯ ಬೇಸ್‌ಮೆಂಟ್‌ನಲ್ಲಿ ಕೂತಿದ್ದ ಎಲ್ಲರ ಕಣ್ಣೂ ಚೆಂಡಿನ ಹಿಂದೆ ಓಡುತ್ತಿದ್ದರೆ, ನನ್ನ ಕಣ್ಣು 33ನೇ ನಂಬರಿನ ಅಂಗಿಯ ಮೇಲೇ ನೆಟ್ಟಿತ್ತು. ಆಂಡ್ರೂ ಹ್ಯಾರಿಸ್. ವಯಸ್ಸು 35. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗುವ ರನ್ನಿಂಗ್ ಬ್ಯಾಕ್. ಹುಟ್ಟಿದ್ದು ವಿನ್ನಿಪೆಗ್‌ನಲ್ಲೇ. ಅದೇ ಊರಿನ ತಂಡದ ಜೊತೆ 2019ರಲ್ಲಿ, 2021ರಲ್ಲಿ ಕಪ್ ಗೆದ್ದವರು. 2022ರ ಆರಂಭದಲ್ಲಿ ಆ ತಂಡ ತನ್ನಲ್ಲೇ ಇದ್ದ ಕಿರಿಯ ಹುಡುಗ ಬ್ರೇಡಿ ಒಲಿವೇರಾನನ್ನು ನಂಬಿ ಇವರನ್ನು ಹೋಗಗೊಟ್ಟಿತು. ಹ್ಯಾರಿಸ್ ಟೊರೊಂಟೊಗೆ ಬಂದರು. ಆಗಸ್ಟ್‌ನಲ್ಲಿ ಎದೆಯ ಸ್ನಾಯು ಹರಿಯಿತು. ಇನ್ನು ಮುಗಿಯಿತು ಎಂದವರೇ ಹೆಚ್ಚು. ನವೆಂಬರ್‌ನಲ್ಲಿ, ಸೋತರೆ ಮನೆಗೆ ಹೋಗುವ ಪಂದ್ಯಗಳ ಹೊತ್ತಿಗೆ, ಮತ್ತೆ ಅಂಗಿ ತೊಟ್ಟು ನಿಂತರು. ಆ ರಾತ್ರಿ ಟೊರೊಂಟೊ 24–23ರಲ್ಲಿ ಗೆದ್ದಿತು. ಗೆಲುವಿನ ಎರಡೂ ಟಚ್‌ಡೌನ್ ಹೊಡೆದದ್ದು ಹ್ಯಾರಿಸ್ ಅಲ್ಲ, ಅವರ ಪಕ್ಕದಲ್ಲಿ ಓಡುತ್ತಿದ್ದ ಎ.ಜೆ. ಔಲೆಟ್. ಆದರೂ ಪಂದ್ಯ ಮುಗಿದ ಮೇಲೆ, ತಮ್ಮನ್ನು ಬಿಟ್ಟ ತಂಡದ ಎದುರೇ ಕಪ್ ಹಿಡಿದು ನಿಂತಿದ್ದ ಆ ಮನುಷ್ಯನನ್ನು ನೋಡುತ್ತಾ ನಾನು ಯೋಚಿಸಿದ್ದು ಒಂದೇ: ವಿನ್ನಿಪೆಗ್ ಮಾಡಿದ್ದು ತಪ್ಪೋ, ಟೊರೊಂಟೊ ಮಾಡಿದ್ದು ಸರಿಯೋ?

ಈ ಪ್ರಶ್ನೆ ನನಗೆ ಬರೀ ಅಭಿಮಾನಿಯ ಕುತೂಹಲವಲ್ಲ. ಹದಿಮೂರು ವರ್ಷಗಳಿಂದ ನಾವು ಹತ್ತು ಜನ ಗೆಳೆಯರು, ಹಾಸನದವರು, ಧಾರವಾಡದವರು, ಮಂಗಳೂರಿನವರು, ಬ್ರಾಂಪ್ಟನ್‌ನಿಂದ ಮಿಲ್ಟನ್‌ವರೆಗೆ ಚದುರಿಹೋದವರು, ಒಂದು ಫ್ಯಾಂಟಸಿ ಫುಟ್‌ಬಾಲ್ ಲೀಗ್ ನಡೆಸುತ್ತಿದ್ದೇವೆ. ಅದರಲ್ಲಿ ನಾವು ಅತಿ ಹೆಚ್ಚು ಜಗಳಾಡಿರುವುದು, ಅತಿ ಹೆಚ್ಚು ಪಶ್ಚಾತ್ತಾಪ ಪಟ್ಟಿರುವುದು ಈ ಒಂದೇ ವಿಷಯಕ್ಕೆ: ವಯಸ್ಸಾಗುತ್ತಿರುವ ರನ್ನಿಂಗ್ ಬ್ಯಾಕ್‌ನನ್ನು ಯಾವಾಗ ಟ್ರೇಡ್ ಮಾಡಬೇಕು?

ಊರಿನಲ್ಲಿ ಡ್ರೀಮ್11 ಆಡಿದವರಿಗೆ ಫ್ಯಾಂಟಸಿ ಹೊಸದಲ್ಲ. ಅಲ್ಲಿ ಒಂದು ಪಂದ್ಯಕ್ಕೊಂದು ತಂಡ, ಮಾರನೇ ದಿನಕ್ಕೆ ಅದು ಮರೆತುಹೋಗುತ್ತದೆ. ಇಲ್ಲಿಯದು ನಿಧಾನದ ಆಟ. ಆಗಸ್ಟ್ ಕೊನೆಗೆ, ಲೇಬರ್ ಡೇ ರಜೆಯ ಆಸುಪಾಸು, ಎಲ್ಲರೂ ಒಂದೆಡೆ ಕೂತು ಅಮೆರಿಕದ ಎನ್‌ಎಫ್‌ಎಲ್ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತೇವೆ, ಅದೇ ಡ್ರಾಫ್ಟ್. ಒಬ್ಬ ಆರಿಸಿದವನು ಇನ್ನೊಬ್ಬನಿಗಿಲ್ಲ. ನಿಜವಾದ ಪಂದ್ಯದಲ್ಲಿ ನಮ್ಮ ಆಟಗಾರ ಹತ್ತು ಯಾರ್ಡ್ ಓಡಿದರೆ ನಮಗೊಂದು ಪಾಯಿಂಟ್, ಟಚ್‌ಡೌನ್ ಹೊಡೆದರೆ, ಅಂದರೆ ಚೆಂಡಿನೊಡನೆ ಎದುರಾಳಿಯ ಗೆರೆ ದಾಟಿದರೆ, ಆರು, ನಮ್ಮ ಲೀಗಿನಲ್ಲಿ ಪಾಸ್ ಹಿಡಿದರೆ ಅದಕ್ಕೂ ಒಂದು. ವಾರಕ್ಕೊಬ್ಬ ಗೆಳೆಯನ ತಂಡದ ಎದುರು ಪೈಪೋಟಿ. ಡಿಸೆಂಬರ್‌ನಲ್ಲಿ ನಾಕೌಟ್. ನಮ್ಮದು ಡೈನಾಸ್ಟಿ ಲೀಗ್, ಅಂದರೆ ಆರಿಸಿದ ಆಟಗಾರ ವರ್ಷದಿಂದ ವರ್ಷಕ್ಕೆ ನಮ್ಮ ಬಳಿಯೇ ಉಳಿಯುತ್ತಾನೆ, ನಾವೇ ಬಿಡುವವರೆಗೆ ಅಥವಾ ಕೊಡುವವರೆಗೆ. ಹೊಸದಾಗಿ ಬರುವ ಹುಡುಗರನ್ನು ಆರಿಸುವ ಹಕ್ಕಿಗೆ ‘ಪಿಕ್’ ಎನ್ನುತ್ತೇವೆ. ಆ ಪಿಕ್‌ಗಳನ್ನೂ ಕೊಟ್ಟು ತೆಗೆದುಕೊಳ್ಳಬಹುದು. ಹೀಗಾಗಿ ಇಲ್ಲಿ ಇಂದಿನ ಗೆಲುವಿಗೆ ನಾಳೆಯನ್ನು ಒತ್ತೆಯಿಡಬಹುದು, ನಾಳೆಗಾಗಿ ಇಂದನ್ನು ಬಿಡಬಹುದು.

ಆಟ ಹುಟ್ಟಿದ ಕಥೆಯನ್ನೂ ಹೇಳಿಬಿಡುತ್ತೇನೆ. ಓಕ್‌ಲ್ಯಾಂಡ್ ರೇಡರ್ಸ್ ತಂಡದ ಪಾಲುದಾರರಲ್ಲೊಬ್ಬರಾದ ಬಿಲ್ ವಿಂಕನ್‌ಬಾಕ್ ಎಂಬವರು 1962ರಲ್ಲಿ ತಂಡದ ಜೊತೆ ಪ್ರಯಾಣದಲ್ಲಿದ್ದಾಗ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಒಂದಿಬ್ಬರ ಜೊತೆ ಕೂತು ನಿಯಮ ಬರೆದರು. ಮರುವರ್ಷ ಅವರ ಮನೆಯಲ್ಲಿ ಎಂಟು ತಂಡಗಳ ಮೊದಲ ಡ್ರಾಫ್ಟ್ ನಡೆಯಿತು. ಅದೂ ಬೇಸ್‌ಮೆಂಟ್‌ನಲ್ಲೇ.

ಟೊರೊಂಟೊಗೆ ಎನ್‌ಎಫ್‌ಎಲ್ ತಂಡವಿಲ್ಲ. 2008ರಿಂದ 2013ರವರೆಗೆ ಬಫಲೋ ಬಿಲ್ಸ್ ವರ್ಷಕ್ಕೊಂದು ಲೀಗ್ ಪಂದ್ಯವನ್ನು ರೋಜರ್ಸ್ ಸೆಂಟರ್‌ನಲ್ಲಿ ಆಡಿ ನೋಡಿತು. ಅದು ಮುಂದುವರಿಯಲಿಲ್ಲ. ಆದರೆ ಬಫಲೋ ಎಷ್ಟು ದೂರ? ಕ್ಯೂಇಡಬ್ಲ್ಯೂ ಹೆದ್ದಾರಿ ಹಿಡಿದು ಪೀಸ್ ಬ್ರಿಜ್ ದಾಟಿದರೆ ಎರಡು ಗಂಟೆಯೊಳಗೆ ಬಿಲ್ಸ್ ಮೈದಾನದ ದಾರಿ. ಹಾಗಾಗಿ ನಮ್ಮ ಲೀಗಿನಲ್ಲಿ ಅರ್ಧಕ್ಕರ್ಧ ಜನ ಬಿಲ್ಸ್‌ನವರು. ನನ್ನ ಮೊದಲ ಪಾಠವೂ ಬಿಲ್ಸ್ ಆಟಗಾರನಿಂದಲೇ ಆದದ್ದು. ಅದಕ್ಕೆ ಬರುವ ಮೊದಲು ನನ್ನ ತಾತನ ಮಾತು ಹೇಳಬೇಕು. ಯಾಕೆಂದರೆ ಈ ವಿದ್ಯೆಯ ಅಕ್ಷರಾಭ್ಯಾಸ ನನಗೆ ಕೆನಡಾದಲ್ಲಿ ಆದದ್ದಲ್ಲ, ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ.

ತಾತ ಹಳ್ಳಿಕಾರ್ ಎತ್ತು ಸಾಕುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದೆರಡು ಸಲ ನನ್ನನ್ನೂ ಕರೆದೊಯ್ದಿದ್ದರು. ಎತ್ತಿನ ವಯಸ್ಸು ತಿಳಿಯುವುದು ಬಾಯಿ ಬಿಡಿಸಿ. ಎರಡು ಹಲ್ಲು ಎಂದರೆ ಎರಡು ಎರಡೂವರೆ ವರ್ಷ, ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಎಂಟೂ ಬಂದರೆ ‘ಬಾಯಿಗೂಡಿದೆ’ ಎನ್ನುತ್ತಾರೆ. ಐದು ವರ್ಷದ ಆಚೀಚೆ. ಅಲ್ಲಿಂದಾಚೆ ಹಲ್ಲಿನ ಲೆಕ್ಕ ನಡೆಯುವುದಿಲ್ಲ. ಬಾಯಿಗೂಡಿದ ಎತ್ತು ಆರು ವರ್ಷದ್ದೂ ಇರಬಹುದು, ಹತ್ತು ವರ್ಷದ್ದೂ ಇರಬಹುದು. ತಾತ ಕೊಳ್ಳುವಾಗ ಹಲ್ಲು ನೋಡಿ ಮುಗಿಸುತ್ತಿರಲಿಲ್ಲ. ಹೆಗಲು ಸವರುತ್ತಿದ್ದರು, ನೊಗ ಎಷ್ಟು ಉಜ್ಜಿದೆ ಎಂದು. ಗೊರಸು ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ, ತಿರುಗಿಸಿ ನೋಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಎತ್ತು ಮಲಗಿರುವ ಹೊತ್ತು ಕಾದು, ಅದು ಏಳುವುದನ್ನು ನೋಡುತ್ತಿದ್ದರು. ‘ನಿಂತಿರೋ ಎತ್ತು ಎಲ್ಲಾನೂ ಚೆಂದ ಕಾಣ್ತದೆ ಮಗ, ಏಳೋವಾಗ ನೋಡು’ ಎನ್ನುತ್ತಿದ್ದರು. ಆಮೇಲೆ ಟವೆಲ್ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ. ಸುತ್ತ ನಿಂತವರಿಗೆ ಒಂದು ಅಂಕಿಯೂ ಕೇಳಿಸದು.

ಕೆಲವರು ಸುಳಿ ನೋಡುತ್ತಿದ್ದರು. ಮೈಮೇಲಿನ ಕೂದಲಿನ ಸುಳಿ ಇಂಥ ಕಡೆ ಇದ್ದರೆ ಮನೆಗೆ ಕೇಡು ಎಂಬ ನಂಬಿಕೆ. ಎಷ್ಟು ಗಟ್ಟಿಮುಟ್ಟಾದ ಎತ್ತಾದರೂ ಸುಳಿ ಸರಿಯಿಲ್ಲವೆಂದರೆ ಅರ್ಧ ಬೆಲೆಗೆ ಇಳಿಯುತ್ತಿತ್ತು. ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಅಂಥ ಸುಳಿಯೆಂದರೆ ‘30’ ಎಂಬ ಅಂಕಿ. ರನ್ನಿಂಗ್ ಬ್ಯಾಕ್‌ಗೆ ಮೂವತ್ತು ತುಂಬಿತು ಎಂದರೆ ನಮ್ಮ ವಾಟ್ಸ್‌ಆಪ್ ಗುಂಪಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ಹಾಗೆಂದು ಆ ಭಯಕ್ಕೆ ಬುಡವೇ ಇಲ್ಲವೆಂದಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬೇರೆ ಯಾವ ಜಾಗದ ಆಟಗಾರನೂ ಇಷ್ಟು ಬೇಗ ಸವೆಯುವುದಿಲ್ಲ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ನಲವತ್ತರವರೆಗೂ ಆಡಬಲ್ಲ. ರನ್ನಿಂಗ್ ಬ್ಯಾಕ್ ಪಂದ್ಯಕ್ಕೆ ಇಪ್ಪತ್ತು ಸಲ ಚೆಂಡು ಹಿಡಿದು ನೂರ ಮೂವತ್ತು ನಲವತ್ತು ಕಿಲೋ ತೂಕದವರ ನಡುವೆ ನುಗ್ಗಬೇಕು, ಇಪ್ಪತ್ತು ಸಲವೂ ಕೆಡವಿಸಿಕೊಳ್ಳಬೇಕು. ಅವನ ಬಂಡವಾಳ ವೇಗವೂ ಅಲ್ಲ, ನಿಂತ ನಿಲುವಿನಿಂದ ಚಿಮ್ಮುವ ಶಕ್ತಿ. ಎದುರಿನ ಗೋಡೆಯಲ್ಲಿ ಸಂದು ತೆರೆದುಕೊಳ್ಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅರ್ಧ ಹೆಜ್ಜೆ ತಡವಾದರೆ ಅದು ಮುಚ್ಚಿಹೋಗುತ್ತದೆ. ಕ್ರಿಕೆಟ್‌ನಲ್ಲಿ ಇದಕ್ಕೆ ಹತ್ತಿರದವನು ವೇಗದ ಬೌಲರ್. ನಮ್ಮ ಜಾವಗಲ್ ಶ್ರೀನಾಥ್ 2002ರಲ್ಲಿ ಟೆಸ್ಟ್ ಆಟ ಬಿಟ್ಟರು. ಮರುವರ್ಷದ ವಿಶ್ವಕಪ್‌ನಲ್ಲಿ, 33ರ ವಯಸ್ಸಿನಲ್ಲಿ, 16 ವಿಕೆಟ್ ಪಡೆದು ಆಟಕ್ಕೇ ವಿದಾಯ ಹೇಳಿದರು. ಭುಜದಲ್ಲಿ ಇನ್ನೆಷ್ಟು ಓವರ್ ಉಳಿದಿವೆ ಎಂಬ ಲೆಕ್ಕ ಇಟ್ಟುಕೊಂಡು, ಅವನ್ನು ಎಲ್ಲಿ ಖರ್ಚು ಮಾಡಬೇಕೆಂದು ಆರಿಸಿಕೊಳ್ಳುವುದು ಎಂದರೆ ಅದು.

ಈಗ ಬಿಲ್ಸ್‌ನ ಪಾಠ. 2015ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾ ತಂಡ ಲೆಶಾನ್ ಮೆಕಾಯ್ ಎಂಬ ಶ್ರೇಷ್ಠ ರನ್ನಿಂಗ್ ಬ್ಯಾಕ್‌ನನ್ನು ಬಫಲೋಗೆ ಟ್ರೇಡ್ ಮಾಡಿತು. ಆಗ ಅವರಿಗೆ 26. 2016ರಲ್ಲಿ 234 ಸಲ ಚೆಂಡು ಹಿಡಿದು ಓಡಿ 1,267 ಯಾರ್ಡ್ ಗಳಿಸಿದರು, ಓಟಕ್ಕೆ ಸರಾಸರಿ 5.4. 2017ರಲ್ಲಿ 1,138 ಯಾರ್ಡ್. ಮೇಲ್ನೋಟಕ್ಕೆ ಏನೂ ಕೆಟ್ಟಿಲ್ಲ, ಸಾವಿರ ದಾಟಿದೆ, ಬಿಲ್ಸ್ ಹದಿನೇಳು ವರ್ಷಗಳ ನಂತರ ಪ್ಲೇಆಫ್ ತಲುಪಿದೆ, ಇಡೀ ದಕ್ಷಿಣ ಒಂಟಾರಿಯೊ ಹಬ್ಬ ಮಾಡುತ್ತಿದೆ. ನನ್ನ ತಂಡದಲ್ಲಿ ಮೆಕಾಯ್ ಇದ್ದರು. ಬ್ರಾಂಪ್ಟನ್‌ನ ಗೆಳೆಯನೊಬ್ಬ ಒಂದು ಫಸ್ಟ್ ರೌಂಡ್ ಪಿಕ್, ಜೊತೆಗೊಬ್ಬ ಒಳ್ಳೆಯ ರಿಸೀವರ್ ಕೊಡುತ್ತೇನೆಂದ. ನಾನು ಒಪ್ಪಲಿಲ್ಲ. ಒಂದು ಅಂಕಿಯನ್ನು ನಾನು ನೋಡಿರಲಿಲ್ಲ. ಆ 1,138 ಯಾರ್ಡ್ ಬಂದದ್ದು 287 ಓಟಗಳಲ್ಲಿ. ಹಿಂದಿನ ವರ್ಷಕ್ಕಿಂತ 53 ಸಲ ಹೆಚ್ಚು ಓಡಿಸಿದರೂ 129 ಯಾರ್ಡ್ ಕಡಿಮೆ. ಸರಾಸರಿ 5.4ರಿಂದ ನಾಲ್ಕಕ್ಕೆ ಇಳಿದಿತ್ತು. ಮರುವರ್ಷ, ಮೂವತ್ತು ತುಂಬಿದ ಮೇಲೆ, 161 ಓಟಗಳಲ್ಲಿ 514 ಯಾರ್ಡ್. 2019ರ ಆಗಸ್ಟ್ ಕೊನೆಗೆ ಬಿಲ್ಸ್ ಅವರನ್ನು ತಂಡದಿಂದ ಬಿಡುಗಡೆ ಮಾಡಿತು. ಅಷ್ಟರಲ್ಲಿ ನಮ್ಮ ಲೀಗಿನಲ್ಲೂ ಅವರನ್ನು ಕೇಳುವವರಿರಲಿಲ್ಲ.

ಹೆಗಲ ಮೇಲಿನ ನೊಗದ ಗುರುತು ಎಂದರೆ ಇದು. ಒಟ್ಟು ಯಾರ್ಡ್ ಎನ್ನುವುದು ಎಷ್ಟು ದುಡಿಸಿದರು ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಉಳಿದಿದೆ ಎಂಬುದನ್ನಲ್ಲ. ದುಡಿತ ಏರುತ್ತಾ ಫಲ ಇಳಿಯುತ್ತಿದ್ದರೆ ಕೊಡುವ ಹೊತ್ತು ಹತ್ತಿರವಾಗಿದೆ.

ಟಚ್‌ಡೌನ್ ಇನ್ನೂ ಮೋಸದ ಅಂಕಿ. ಸ್ಯಾನ್ ಡಿಯೆಗೊ ತಂಡದ ಲಡೇನಿಯನ್ ಟಾಮ್ಲಿನ್‌ಸನ್ 2006ರಲ್ಲಿ 1,815 ಯಾರ್ಡ್ ಓಡಿ, ಓಟ ಮತ್ತು ಪಾಸ್ ಸೇರಿ 31 ಟಚ್‌ಡೌನ್ ಹೊಡೆದಿದ್ದರು. ಒಂದು ಋತುವಿನ ಆ ದಾಖಲೆ ಇನ್ನೂ ಮುರಿದಿಲ್ಲ. ಅಲ್ಲಿಂದ ಅವರ ಸರಾಸರಿ ವರ್ಷವರ್ಷವೂ ಇಳಿಯಿತು: 5.2, 4.7, 3.8. 2009ರಲ್ಲಿ 3.3ಕ್ಕೆ ಬಂದು ನಿಂತು, ಬರೀ 730 ಯಾರ್ಡ್. ಆದರೆ ಅದೇ ವರ್ಷ 12 ಟಚ್‌ಡೌನ್. ತಂಡ ಗೆರೆಯ ಹತ್ತಿರ ಬಂದಾಗಲೆಲ್ಲ ಅನುಭವಸ್ಥನ ಕೈಗೆ ಚೆಂಡು ಕೊಡುತ್ತದೆ. ಎರಡು ಯಾರ್ಡ್ ನುಗ್ಗಲು ಚಿಮ್ಮುವ ಕಾಲು ಬೇಕಿಲ್ಲ, ಗಟ್ಟಿ ಮೈ ಸಾಕು. ಆ ಪಾಯಿಂಟುಗಳನ್ನು ಎಣಿಸುತ್ತಾ ಕೂತವನಿಗೆ ಮುದುಕುತನ ಕಾಣುವುದೇ ಇಲ್ಲ. 2010ರ ಫೆಬ್ರವರಿಯಲ್ಲಿ ಅವರ ತಂಡವೇ ಅವರನ್ನು ಬಿಟ್ಟುಕೊಟ್ಟಿತು. ಹನ್ನೆರಡು ಟಚ್‌ಡೌನ್ ನೋಡಿ ನಿಮ್ಮ ಗೆಳೆಯನ ಕಣ್ಣು ಅರಳಿದೆಯೇ? ಹಾಗಾದರೆ ಅವನ ಫೋನಿಗೆ ಅಂದೇ ಸಂದೇಶ ಕಳಿಸಿ.

ಅಂಕಿಗೆ ಸಿಗದ ಗುರುತುಗಳೂ ಇವೆ. ಆಟ ನೋಡಬೇಕು. ಮೂರನೇ ಡೌನ್‌ನಲ್ಲಿ, ಪಾಸ್ ಎಸೆಯಲೇಬೇಕಾದ ಹೊತ್ತಿನಲ್ಲಿ, ಮೈದಾನದಿಂದ ಹೊರಗೆ ಬರುವವರು ಯಾರು? ಹಳಬ ಬೆಂಚಿಗೆ ಬಂದು ಹುಡುಗನೊಬ್ಬ ಒಳಗೆ ಹೋಗುತ್ತಿದ್ದರೆ ಕೋಚ್ ಆಗಲೇ ತೀರ್ಮಾನ ಮಾಡಿಯಾಗಿದೆ, ನಮಗೆ ಗೊತ್ತಾಗುವುದು ಎರಡು ತಿಂಗಳ ನಂತರ. ಏಪ್ರಿಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಆ ತಂಡ ಎರಡನೇ ಮೂರನೇ ಸುತ್ತಿನಲ್ಲೇ ಒಬ್ಬ ರನ್ನಿಂಗ್ ಬ್ಯಾಕ್‌ನನ್ನು ತಂದರೆ ಅದೂ ಅಷ್ಟೇ ಸ್ಪಷ್ಟ.

ಇಲ್ಲಿ ಮೈಯ ಮಾತಿಗಿಂತ ದುಡ್ಡಿನ ಮಾತು ದೊಡ್ಡದು ಎಂದು ನನಗೆ ಬರಬರುತ್ತಾ ಅನ್ನಿಸಿದೆ. ಹೊಸ ಆಟಗಾರನ ಮೊದಲ ಕರಾರು ನಾಲ್ಕು ವರ್ಷದ್ದು, ಸಂಬಳ ಕಡಿಮೆ. ಕಾಲಿನ ಅತ್ಯುತ್ತಮ ವರ್ಷಗಳು ಆ ಅಗ್ಗದ ಕರಾರಿನಲ್ಲೇ ಕಳೆದುಹೋಗುತ್ತವೆ. ಎರಡನೇ ಕರಾರಿಗೆ ಕೈಚಾಚುವ ಹೊತ್ತಿಗೆ ತಂಡ ಇನ್ನೊಬ್ಬ ಇಪ್ಪತ್ತೊಂದರ ಹುಡುಗನನ್ನು ಕರೆತಂದಿರುತ್ತದೆ. 2023ರ ಜುಲೈನಲ್ಲಿ ಸ್ಯಾಕ್ವಾನ್ ಬಾರ್ಕ್ಲಿ, ಜಾಶ್ ಜೇಕಬ್ಸ್, ಟೋನಿ ಪೊಲಾರ್ಡ್ ಮೂವರಿಗೂ ದೀರ್ಘ ಕರಾರು ಸಿಗದೇಹೋದಾಗ, ಲೀಗಿನ ಹೆಸರಾಂತ ರನ್ನಿಂಗ್ ಬ್ಯಾಕ್‌ಗಳು ವಿಡಿಯೊ ಕರೆಯಲ್ಲಿ ಸೇರಿ ತಮ್ಮ ಕಸುಬಿಗೇ ಬೆಲೆ ಇಲ್ಲದಾಯಿತೇ ಎಂದು ಮಾತಾಡಿಕೊಂಡರು. ನಮ್ಮದು ಆಟದೊಳಗಿನ ಆಟ, ಅವರದ್ದು ಅನ್ನ. ಒಬ್ಬ ಮನುಷ್ಯನ ಮಂಡಿಯನ್ನು ಎತ್ತಿನ ಗೊರಸಿನಂತೆ ತೂಗಿ ನೋಡುವಾಗ ಇದು ನನ್ನ ಮನಸ್ಸನ್ನು ಕೊರೆಯುತ್ತದೆ. ಕೊರೆಯಬೇಕು ಕೂಡ.

ಹಾಗಾದರೆ 27 ದಾಟುವ ಮೊದಲೇ ಎಲ್ಲರನ್ನೂ ಮಾರಿಬಿಡುವುದೇ ಸರಿಯೇ? ಲೀಗಿನಲ್ಲಿ ಹಾಗೆ ಮಾಡುವವರಿದ್ದಾರೆ. ಅವರಿಗೆ ನಾನು ಕೊಡುವ ಉತ್ತರ 1994ರಲ್ಲಿ ಹುಟ್ಟಿದ ಇಬ್ಬರ ಕಥೆ.

ಒಬ್ಬರು ಟಾಡ್ ಗರ್ಲಿ. 2014ರಲ್ಲಿ, ಕಾಲೇಜಿನಲ್ಲಿದ್ದಾಗಲೇ, ಮಂಡಿಯ ಲಿಗಮೆಂಟ್ ಹರಿದಿತ್ತು. ಆದರೂ ಎನ್‌ಎಫ್‌ಎಲ್‌ನ ಮೊದಲ ನಾಲ್ಕು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಸಲ ಚೆಂಡು ಹಿಡಿದು ಓಡಿದರು. 2018ರ ಜುಲೈನಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ 4.5 ಕೋಟಿ ಡಾಲರ್ ಖಾತರಿಯ ಕರಾರು ಕೊಟ್ಟಿತು. ಆಗ ಅವರಿಗೆ ಇನ್ನೂ 24 ತುಂಬಿರಲಿಲ್ಲ. ಎರಡು ವರ್ಷ ಕಳೆಯುವ ಮೊದಲೇ, 2020ರ ಮಾರ್ಚ್‌ನಲ್ಲಿ, ಮಂಡಿ ಸವೆದ ಅವರನ್ನು ಅದೇ ತಂಡ ಬಿಟ್ಟಿತು. ಆ ವರ್ಷ ಅಟ್ಲಾಂಟಾ ಪರ ಆಡಿದ್ದೇ ಕೊನೆ. ವಯಸ್ಸು 26.

ಇನ್ನೊಬ್ಬರು ಡೆರಿಕ್ ಹೆನ್ರಿ. ಗರ್ಲಿಗಿಂತ ಏಳು ತಿಂಗಳು ದೊಡ್ಡವರು. ಟೆನೆಸ್ಸಿ ತಂಡದಲ್ಲಿ ಮೊದಲ ಎರಡು ವರ್ಷ ಹಿರಿಯ ಡಿಮಾರ್ಕೊ ಮರ್ರೆಯ ಹಿಂದೆ ಕಾದರು, ಎರಡೂ ವರ್ಷ ಸೇರಿ ಓಡಿದ್ದು 286 ಸಲ. 2020ರಲ್ಲಿ 2,027 ಯಾರ್ಡ್. 2021ರಲ್ಲಿ ಎಂಟೇ ಪಂದ್ಯದಲ್ಲಿ ಪಾದದ ಮೂಳೆ ಮುರಿಯಿತು. 2023ರಲ್ಲಿ 280 ಓಟಕ್ಕೆ 1,167 ಯಾರ್ಡ್, ಸರಾಸರಿ 4.2. ಮೆಕಾಯ್ ಪಾಠವನ್ನು ಉರು ಹೊಡೆದಿದ್ದ ನನಗೆ ಇನ್ನೇನು ಬೇಕು? ಎಲ್ಲ ಗುರುತೂ ಇವೆ. ವಯಸ್ಸು 30, ಕರಾರು ಮುಗಿದಿದೆ, ಸರಾಸರಿ ಇಳಿದಿದೆ. 2024ರ ಫೆಬ್ರವರಿಯಲ್ಲಿ ಹಾಸನದ ಗೆಳೆಯನಿಗೆ ಒಂದೇ ಒಂದು ಫಸ್ಟ್ ರೌಂಡ್ ಪಿಕ್‌ಗೆ ಹೆನ್ರಿಯನ್ನು ಕೊಟ್ಟೆ.

‘ಮುದುಕನ್ನ ತಗೊಂಡು ಏನ್ ಮಾಡ್ತೀಯಾ ಗುರು?’ ಎಂದು ಗುಂಪಿನಲ್ಲಿ ಯಾರೋ ಕೇಳಿದರು. ‘ಮುದುಕನೋ ಅಲ್ವೋ, ಮನೆ ಬದಲಾದ್ಮೇಲೆ ನೋಡಣ’ ಎಂದಷ್ಟೇ ಅವನು ಬರೆದ.

ಮಾರ್ಚ್‌ನಲ್ಲಿ ಹೆನ್ರಿ ಬಾಲ್ಟಿಮೋರ್ ಸೇರಿದರು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್. ಸ್ವತಃ ಚೆಂಡು ಹಿಡಿದು ಓಡಬಲ್ಲವರಾದ್ದರಿಂದ ಎದುರಾಳಿಗಳ ಅರ್ಧ ಗಮನ ಅವರ ಮೇಲೇ ಇರುತ್ತದೆ. ಸೆಪ್ಟೆಂಬರ್ 29ರ ರಾತ್ರಿ, ಅದೂ ನಮ್ಮ ಬಫಲೋ ಎದುರು, ತಂಡದ ಮೊದಲ ಆಟದಲ್ಲೇ ಹೆನ್ರಿ 87 ಯಾರ್ಡ್ ಓಡಿ ಟಚ್‌ಡೌನ್ ಹೊಡೆದರು. ಆ ರಾತ್ರಿ 199 ಯಾರ್ಡ್. ಋತು ಮುಗಿದಾಗ 1,921 ಯಾರ್ಡ್, ಓಟದಲ್ಲೇ 16 ಟಚ್‌ಡೌನ್. ನಮ್ಮ ಲೆಕ್ಕದಲ್ಲಿ ಬರೀ ಓಟಕ್ಕೇ 288 ಪಾಯಿಂಟ್. ಡಿಸೆಂಬರ್‌ನಲ್ಲಿ ಹಾಸನದ ಗೆಳೆಯ ಲೀಗ್ ಗೆದ್ದ.

ಎಲ್ಲಿ ಎಡವಿದೆ ಎಂದು ಆ ಚಳಿಗಾಲವೆಲ್ಲ ಯೋಚಿಸಿದ್ದೇನೆ. ಸರಾಸರಿ ಇಳಿಯುವುದಕ್ಕೆ ಎರಡು ಕಾರಣ ಇರಬಹುದು: ಕಾಲು ಸೋತಿರಬಹುದು, ಇಲ್ಲವೇ ಮುಂದೆ ದಾರಿ ಬಿಡಿಸಿಕೊಡುವ ಸಾಲು ಸೋತಿರಬಹುದು. ಅಂಕಿ ಎರಡಕ್ಕೂ ಒಂದೇ. ಟೆನೆಸ್ಸಿಯ ಸಾಲು 2023ರಲ್ಲಿ ಸೊರಗಿತ್ತು, ಎಸೆಯುವ ಆಟ ದುರ್ಬಲವಾಗಿತ್ತು, ಹಾಗಾಗಿ ಎದುರಾಳಿಗಳೆಲ್ಲ ಹೆನ್ರಿಯ ಮೇಲೇ ಮುಗಿಬೀಳುತ್ತಿದ್ದರು. ಕಲ್ಲು ಹೊಲದಲ್ಲಿ ನೇಗಿಲು ಎಳೆದ ಎತ್ತನ್ನು ನಾನು ಮುದಿಯೆಂದು ಬಗೆದಿದ್ದೆ. ತಾತ ಆಗಿದ್ದರೆ ಎತ್ತು ನೋಡುವ ಮೊದಲು ಹೊಲ ಯಾವುದು ಎಂದು ಕೇಳುತ್ತಿದ್ದರು. ಇನ್ನೊಂದು ತಪ್ಪು ಹೊತ್ತಿನದು. ಫೆಬ್ರವರಿ ಎಂದರೆ ಎಲ್ಲ ಸುದ್ದಿಯೂ ಕೆಟ್ಟ ಸುದ್ದಿಯಾಗಿರುವ ತಿಂಗಳು. ಮುಂದಿನ ಮನೆ ಯಾವುದೆಂದು ಗೊತ್ತಿಲ್ಲ, ವಯಸ್ಸು ಮಾತ್ರ ಗೊತ್ತು. ಏಳು ತಿಂಗಳು ಕಾದು ಸೆಪ್ಟೆಂಬರ್ 30ರ ಬೆಳಿಗ್ಗೆ ಮಾರಲು ನಿಂತಿದ್ದರೆ ಎರಡು ಫಸ್ಟ್ ರೌಂಡ್ ಪಿಕ್ ಕೊಡುವವರಿದ್ದರು. ಹಳೆಯ ರನ್ನಿಂಗ್ ಬ್ಯಾಕ್‌ನನ್ನು ಮಾರುವುದಿದ್ದರೆ ಅಕ್ಟೋಬರ್‌ನಲ್ಲಿ ಮಾರಬೇಕು, ಅವನೊಂದು ದೊಡ್ಡ ರಾತ್ರಿ ಕಂಡ ಮರುದಿನ. ಆಗ ಕೊಳ್ಳುವವನಿಗೆ ಅವನ ಹೆಸರೂ ಬೇಕು, ಮುಂದಿನ ಭಾನುವಾರಕ್ಕೆ ಅವನ ಕಾಲೂ ಬೇಕು. ಫೆಬ್ರವರಿಯಲ್ಲಿ ಎರಡೂ ಬೇಡ.

ಬೆಲೆ ಕಟ್ಟುವುದು ನೆನಪು, ಪಾಯಿಂಟ್ ತರುವುದು ಕಾಲು. ಈ ಎರಡರ ನಡುವಿನ ಅಂತರ ಅತಿ ದೊಡ್ಡದಾಗಿರುವುದು ಆಟಗಾರ ತುತ್ತತುದಿಯಲ್ಲಿದ್ದಾಗ. ಎನ್‌ಎಫ್‌ಎಲ್ ಇತಿಹಾಸದಲ್ಲಿ ಒಂದೇ ಋತುವಿನಲ್ಲಿ 2,000 ಯಾರ್ಡ್ ದಾಟಿದವರ ಸಾಲಿಗೆ 2024ರಲ್ಲಿ ಬಾರ್ಕ್ಲಿ ಒಂಬತ್ತನೆಯವರಾಗಿ ಸೇರಿದರು. ಅವರಿಗಿಂತ ಮೊದಲಿನ ಎಂಟು ಮಂದಿಯಲ್ಲಿ ಒಬ್ಬರೂ ಮರುವರ್ಷ 1,500 ಮುಟ್ಟಲಿಲ್ಲ. ಹತ್ತಿರ ಬಂದವರು ಡೆಟ್ರಾಯ್ಟ್‌ನ ಬ್ಯಾರಿ ಸ್ಯಾಂಡರ್ಸ್, 1998ರಲ್ಲಿ 1,491. ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿ, 1999ರಲ್ಲಿ ನಾಲ್ಕೇ ಪಂದ್ಯಕ್ಕೆ ಮಂಡಿ ಹರಿದುಕೊಂಡರು. ಇದೆಲ್ಲವೂ ಸವೆತವೆಂದು ಹೇಳಿದರೆ ಅರ್ಧ ಸತ್ಯ. ಅಂಥ ವರ್ಷ ಬರಬೇಕಾದರೆ ಮೈ, ಸಾಲು, ಕೋಚ್, ಅದೃಷ್ಟ ಎಲ್ಲವೂ ಒಮ್ಮೆಗೇ ಕೂಡಿಬರಬೇಕು, ಅದು ಮತ್ತೆ ಕೂಡಿಬರುವುದು ಅಪರೂಪ. ಆದರೆ ಕೊಳ್ಳುವವನು ಬೆಲೆ ಕೊಡುವುದು ಆ ಕೂಡಿಬಂದ ವರ್ಷಕ್ಕೇ. ಒಂದೇ ವರ್ಷ 416 ಸಲ ಚೆಂಡು ಹಿಡಿದು ಓಡಿದ ಲ್ಯಾರಿ ಜಾನ್ಸನ್ ಅವರದ್ದೂ ಇದೇ ಕಥೆ. 2006ರಲ್ಲಿ 1,789 ಯಾರ್ಡ್, 2007ರಲ್ಲಿ ಎಂಟು ಪಂದ್ಯ, ಪಾದ ಮುರಿದು 559. ಅವರ 416ರ ದಾಖಲೆಯನ್ನು ಇನ್ನೊಬ್ಬರು ಮುರಿದಿಲ್ಲ, ಯಾವ ಕೋಚ್ ಕೂಡ ಈಗ ಅಷ್ಟು ದುಡಿಸಲು ಒಪ್ಪುವುದಿಲ್ಲ.

ಮತ್ತೆ ಹ್ಯಾರಿಸ್ ಬಳಿಗೆ ಬರುತ್ತೇನೆ. ಅವರನ್ನು ಬಿಟ್ಟ ವಿನ್ನಿಪೆಗ್‌ಗೆ ಏನಾಯಿತು? ಒಲಿವೇರಾ 2022ರಲ್ಲೇ ಸಾವಿರ ಯಾರ್ಡ್ ದಾಟಿದರು. 2023ರಲ್ಲಿ 1,534 ಯಾರ್ಡ್‌ಗಳೊಂದಿಗೆ ಇಡೀ ಸಿಎಫ್‌ಎಲ್‌ಗೆ ಮೊದಲಿಗರಾದರು. 2024ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಟೊರೊಂಟೊಗೆ ಏನಾಯಿತು? ಹ್ಯಾರಿಸ್ ಇಲ್ಲಿನ ಅಂಗಿಯಲ್ಲೇ ವೃತ್ತಿಜೀವನದ 10,000 ಯಾರ್ಡ್ ದಾಟಿದರು, ಕೆನಡಾದಲ್ಲಿ ಹುಟ್ಟಿದವರಲ್ಲಿ ಆ ಗಡಿ ಮುಟ್ಟಿದ ಮೊದಲಿಗರಾದರು. ಔಲೆಟ್ ಜೊತೆ ಹೊರೆ ಹಂಚಿಕೊಂಡರು, ಕಪ್ ಬಂತು, 2023ರ ನಂತರ ನಿವೃತ್ತರಾದರು. ಇಬ್ಬರೂ ಗೆದ್ದರು. ವಿನ್ನಿಪೆಗ್ ಬಳಿ ಹುಡುಗನಿದ್ದ, ಕಾಯಲು ವರ್ಷಗಳಿದ್ದವು, ಮನೆಯಲ್ಲಿ ಎರಡು ಕಪ್ ಇದ್ದವು. ಟೊರೊಂಟೊಗೆ 2017ರ ನಂತರ ಕಪ್ ಇರಲಿಲ್ಲ, ಅದಕ್ಕೆ ಬೇಕಿದ್ದದ್ದು ಒಂದು ನವೆಂಬರ್. ಅದೇ ಎತ್ತು, ಒಬ್ಬನಿಗೆ ಮಾರುವ ಎತ್ತು, ಇನ್ನೊಬ್ಬನಿಗೆ ಕೊಳ್ಳುವ ಎತ್ತು.

ಹದಿಮೂರು ವರ್ಷ ಈ ಲೀಗಿನಲ್ಲಿ ಕಳೆದ ಮೇಲೆ ನಾನು ಮೊದಲು ನೋಡುವುದು ಆಟಗಾರನ ವಯಸ್ಸನ್ನಲ್ಲ, ನನ್ನ ತಂಡದ ವಯಸ್ಸನ್ನು. ಈ ವರ್ಷ ಗೆಲ್ಲುವ ತಂಡವೇ ನನ್ನದು? ಹೌದಾದರೆ ಮೂವತ್ತರ ಗಟ್ಟಿ ಕಾಲು ಬಂಗಾರ, ಮುಂದಿನ ವರ್ಷ ಅವನು ಶೂನ್ಯಕ್ಕಿಳಿದರೂ ಸರಿ. ಎಂಟನೇ ಸ್ಥಾನದ ತಂಡವಾದರೆ ಹೆನ್ರಿಯ 1,921 ಯಾರ್ಡ್ ನನ್ನನ್ನು ಐದನೇ ಸ್ಥಾನಕ್ಕೆ ತರುತ್ತಿತ್ತು, ಅಷ್ಟೇ. 2024ರಲ್ಲಿ ನನ್ನದು ಎಂಟನೇ ಸ್ಥಾನದ ತಂಡ. ಕೊಟ್ಟದ್ದು ತಪ್ಪಲ್ಲ, ಅಗ್ಗಕ್ಕೆ ಕೊಟ್ಟದ್ದು ತಪ್ಪು. ಆ ಪಿಕ್‌ನಿಂದ ಬಂದ ಹುಡುಗ ಈಗ ನನ್ನ ತಂಡದ ಬೆನ್ನೆಲುಬು. ಆದರೂ ಆ ಸೆಪ್ಟೆಂಬರ್ ರಾತ್ರಿಯ 87 ಯಾರ್ಡ್ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಕಲಕುತ್ತದೆ.

2025ರ ಆಗಸ್ಟ್‌ನಲ್ಲಿ, ಡ್ರಾಫ್ಟ್‌ಗೆ ವಾರವಿರುವಾಗ, ಹಾಸನದ ಗೆಳೆಯ ಫೋನ್ ಮಾಡಿದ. ‘ನಿನ್ ಮುದುಕನ್ನ ವಾಪಸ್ ತಗೋತೀಯಾ? ಈ ಸಲ ನಿನ್ ಟೀಮ್ ಚೆನ್ನಾಗಿದೆ.’ ಹೆನ್ರಿಗೆ ಆಗ 31. ಒಂದು ದಿನ ಸಮಯ ಕೇಳಿದೆ. ರಾತ್ರಿ ಮಕ್ಕಳು ಮಲಗಿದ ಮೇಲೆ 2024ರ ಡಿಸೆಂಬರ್ ಪಂದ್ಯಗಳನ್ನು ಮತ್ತೆ ಹಾಕಿಕೊಂಡು ಕೂತೆ. ದೊಡ್ಡ ಓಟಗಳನ್ನು ಬಿಟ್ಟೆ. ಎರಡು ಮೂರು ಯಾರ್ಡ್‌ಗೆ ಕೆಡವಿಸಿಕೊಂಡ ಓಟಗಳನ್ನಷ್ಟೇ ನೋಡಿದೆ. ಮೂವರು ಮೇಲೆ ಬಿದ್ದ ಮೇಲೆ, ಅವರೆಲ್ಲ ಎದ್ದು ಸರಿದ ಮೇಲೆ, ಈ ಮನುಷ್ಯ ಹೇಗೆ ಏಳುತ್ತಾನೆ ಎಂದು. ಮೊದಲು ಮಂಡಿ ಊರುತ್ತಾನೋ, ಕೈ ಊರುತ್ತಾನೋ. ನಾಲ್ಕನೇ ಕ್ವಾರ್ಟರ್‌ನಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ಮುಗಿಯುವಾಗ ಗಂಟೆ ಒಂದೂವರೆ.

ಬೆಳಿಗ್ಗೆ ಫೋನ್ ಮಾಡಿದೆ.

‘ಸೆಕೆಂಡ್ ರೌಂಡ್ ಪಿಕ್ ಕೊಡ್ತೀನಿ ಕಣೋ. ಫಸ್ಟ್ ಆಗಲ್ಲ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಜೊತೆಗೆ ಆ ಟೈಟ್ ಎಂಡ್ ಹುಡುಗ?’

‘ಅವನ್ನ ಕೇಳ್ಬೇಡ.’

‘ಆಯ್ತು. ಅಕ್ಟೋಬರ್‌ವರೆಗೂ ನನ್ನತ್ರಾನೇ ಇರ್ಲಿ ಬಿಡು’ ಎಂದು ಅವನು ಫೋನ್ ಇಟ್ಟ.